ಮನೆಯಲ್ಲೇ ಗಾಲ್ಫ್ ಸ್ವಿಂಗ್ ಸುಧಾರಿಸುತ್ತಾ? ಸುಧಾರಿಸುತ್ತೆ, ಮೊದಲು ಬಾಲನ್ನ ಪಕ್ಕಕ್ಕಿಡಿ

ಪ್ರಶ್ನೆ: ನಂಗೀಗ 48. ಬೆಂಗಳೂರಲ್ಲಿ ಕೆಲಸ. ಎರಡು ವರ್ಷದ ಹಿಂದೆ ಆಫೀಸ್ ಫ್ರೆಂಡ್ಸ್ ಜೊತೆ ಬಾಲ್ ಹೊಡೆದು ಪ್ರಾಕ್ಟೀಸ್ ಮಾಡೋ ರೇಂಜ್‌ಗೆ ಹೋದೆ, ಆಗಿಂದ ಗಾಲ್ಫ್ ಹುಚ್ಚು ಹಿಡಿದಿದೆ. ಕೋರ್ಸ್‌ಗೆ ಹೋಗೋಕಾಗೋದು ತಿಂಗಳಿಗೆ ಒಂದ್ಸಲ, ಈ ಟ್ರಾಫಿಕ್ಕಲ್ಲಿ ರೇಂಜ್‌ಗೆ ವಾರಕ್ಕೊಂದ್ಸಲ ಹೋದ್ರೆ ಹೆಚ್ಚು. ಡ್ರೈವರ್ ಅನ್ನೋ ಉದ್ದ ಕ್ಲಬ್ಬಲ್ಲಿ (ಗಾಲ್ಫ್ ಕೋಲಲ್ಲಿ) ಹೊಡೆದ್ರೆ ಬಾಲ್ ಬಲಕ್ಕೆ ತಿರುಗ್ಕೊಂಡು ಹೋಗುತ್ತೆ, ಅದಕ್ಕಿಂತ ಗಿಡ್ಡ ಇರೋ ಐರನ್ ಕ್ಲಬ್ಬಲ್ಲಿ ಹೊಡೆದ್ರೆ ಎಷ್ಟೋ ಸಲ ಬಾಲಿಗಿಂತ ಮುಂಚೆ ನೆಲಕ್ಕೆ ತಗಲುತ್ತೆ. ಚಿಕ್ಕಂದಿನಿಂದ ಕ್ರಿಕೆಟ್ ಆಡಿದವನು. ಇರೋದು ಅಪಾರ್ಟ್‌ಮೆಂಟಲ್ಲಿ, ಮೇಲೆ ಟೆರೇಸ್ ಇದೆ. ಮನೆಯಲ್ಲೇ ಪ್ರಾಕ್ಟೀಸ್ ಮಾಡಿ ಸ್ವಿಂಗ್ ಸುಧಾರಿಸ್ಕೊಳ್ಳೋಕೆ ನಿಜವಾಗ್ಲೂ ಆಗುತ್ತಾ? ಇನ್ನೊಂದು, ಈ ಆಟದಲ್ಲಿ ಅಂಥಾದ್ದೇನಿದೆ ಅಂತ ಹೆಂಡತಿ ಕೇಳ್ತಾಳೆ, ಸರಿಯಾಗಿ ಹೇಳೋಕೆ ನಂಗೇ ಬರಲ್ಲ.

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ ಸರ್, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ.

ಗಾಲ್ಫಲ್ಲಿ ಬಾಲ್ ನಿಂತಿರುತ್ತೆ. ಕ್ರಿಕೆಟ್ಟಲ್ಲಿ ಬೌಲರ್ ಏನು ಹಾಕ್ತಾನೋ ಅದಕ್ಕೆ ನೀವು ಆಡ್ಬೇಕು, ಶಟಲ್ಲಲ್ಲಿ ಎದುರಿಗಿರೋನು ಎಲ್ಲಿಗೆ ತಳ್ತಾನೋ ಅಲ್ಲಿಗೆ ಓಡ್ಬೇಕು, ಔಟಾದ್ರೆ ಪಿಚ್ ಸರಿ ಇರ್ಲಿಲ್ಲ ಅನ್ನಬಹುದು, ಸೋತ್ರೆ ಪಾರ್ಟ್ನರ್ ಬಿಟ್ಟ ಅನ್ನಬಹುದು. ಇಲ್ಲಿ 46 ಗ್ರಾಂ ಕೂಡ ತೂಗದ ಒಂದು ಸಣ್ಣ ಬಾಲ್ ನೀವು ರೆಡಿ ಆಗೋ ತನಕ ಅಲ್ಲೇ ಇರುತ್ತೆ, ಯಾರೂ ಅವಸರ ಮಾಡಲ್ಲ ಯಾರೂ ತಡೆಯಲ್ಲ, ಆಮೇಲೆ ಅದು ಎಲ್ಲಿಗೆ ಹೋಯ್ತೋ ಅದಷ್ಟೂ ನೀವೇ ಮಾಡಿದ್ದು. ಚೆನ್ನಾಗಿ ಹೋದ್ರೂ ನಿಮ್ಮದೇ, ನೀರಿಗೆ ಬಿದ್ರೂ ನಿಮ್ಮದೇ. ಇಷ್ಟು ನೇರವಾಗಿ ನಮ್ಮ ಕೆಲಸ ನಮಗೇ ಕಾಣೋ ಜಾಗ ದೊಡ್ಡವರಾದ್ಮೇಲೆ ಬಹಳ ಕಮ್ಮಿ ಸಿಗುತ್ತೆ. ಆಫೀಸಲ್ಲಂತೂ ಸಿಗೋದೇ ಇಲ್ಲ. ಅದಕ್ಕೇ ಒಂದು ಒಳ್ಳೆ ಸೆವೆನ್ ಐರನ್ ಶಾಟ್ ಕೈಗೆ ಸಿಕ್ಕಿದ ದಿನ ಮನುಷ್ಯ ವಾರಪೂರ್ತಿ ಅದೇ ಗುಂಗಲ್ಲಿ ಇರ್ತಾನೆ.

ಬಾಲ್ ನಿಂತಿರೋದ್ರಿಂದ ಇನ್ನೊಂದು ಲಾಭ, ವಯಸ್ಸಾದ್ರೂ ಆಟ ನಿಮ್ಮನ್ನ ಬಿಡಲ್ಲ. ಕಣ್ಣಿನ ವೇಗ, ಓಡೋ ಶಕ್ತಿ, ರಿಫ್ಲೆಕ್ಸ್ ಇವೆಲ್ಲ ನಲವತ್ತು ದಾಟಿದ್ಮೇಲೆ ಇಳಿಯುತ್ತೆ ಅಲ್ವಾ, ಗಾಲ್ಫ್ ನಿಂತಿರೋದು ಅವುಗಳ ಮೇಲಲ್ಲ. 2009ರಲ್ಲಿ ಟರ್ನ್‌ಬೆರಿಯಲ್ಲಿ ನಡೆದ ಬ್ರಿಟಿಷ್ ಓಪನ್ನಲ್ಲಿ ಟಾಮ್ ವಾಟ್ಸನ್ ತಮ್ಮ 59ನೇ ವಯಸ್ಸಲ್ಲಿ ಕೊನೇ ಹೋಲ್ ತನಕ ಗೆಲ್ಲೋ ಸ್ಥಿತಿಯಲ್ಲಿದ್ರು, ಸ್ಕೋರ್ ಸಮ ಆಗಿ ನಡೆದ ಪ್ಲೇಆಫಲ್ಲಿ ಸ್ಟೂವರ್ಟ್ ಸಿಂಕ್ ಕೈಲಿ ಸೋತ್ರು. ಫಿಲ್ ಮಿಕಲ್ಸನ್ 50ಕ್ಕೆ ಪಿಜಿಎ ಚಾಂಪಿಯನ್‌ಶಿಪ್ ಗೆದ್ರು, 2021ರಲ್ಲಿ. ಬರ್ನ್‌ಹಾರ್ಡ್ ಲ್ಯಾಂಗರ್ 65ಕ್ಕೆ ಅಮೆರಿಕದ ಸೀನಿಯರ್ ಓಪನ್ ಗೆದ್ರು. ಬೇರೆ ಯಾವ ಆಟದಲ್ಲಿ ಇದನ್ನ ಯೋಚನೆ ಮಾಡೋಕಾಗುತ್ತೆ ಹೇಳಿ. ನಮ್ಮ ಕಪಿಲ್ ದೇವ್ ಕ್ರಿಕೆಟ್ ಬಿಟ್ಮೇಲೆ ಇದಕ್ಕೆ ಬಂದವರು ಇಲ್ಲೇ ಉಳಿದ್ರು, 2024ರಲ್ಲಿ ದೇಶದ ಪ್ರೊಫೆಷನಲ್ ಟೂರ್ ಆದ ಪಿಜಿಟಿಐಗೆ ಅಧ್ಯಕ್ಷರೂ ಆದ್ರು. ನೀವು 46ಕ್ಕೆ ಶುರು ಮಾಡಿದ್ದು ಲೇಟಾಯ್ತು ಅಂತ ಮನಸಲ್ಲಿದ್ರೆ ತೆಗೆದುಹಾಕಿ.

ಜೊತೆಗೆ ಹ್ಯಾಂಡಿಕ್ಯಾಪ್ ಅನ್ನೋ ವ್ಯವಸ್ಥೆ, ಅಂದ್ರೆ ಆಟಗಾರನ ಮಟ್ಟ ನೋಡಿ ಸ್ಕೋರಿಂದ ಕಳೆಯೋ ಹೊಡೆತಗಳ ಲೆಕ್ಕ. ಇದರಷ್ಟು ದೊಡ್ಡ ಮನಸ್ಸಿನ ನಿಯಮ ಬೇರೆ ಆಟದಲ್ಲಿ ನಾನು ನೋಡಿಲ್ಲ. ಈಗಿನ ಪದ್ಧತಿ ಪ್ರಕಾರ ಗಂಡಸ್ರಿಗೂ ಹೆಂಗಸ್ರಿಗೂ 54ರ ತನಕ ಹ್ಯಾಂಡಿಕ್ಯಾಪ್ ಸಿಗುತ್ತೆ, ಅಂದ್ರೆ ಹೊಸಬರು ಚೆನ್ನಾಗಿ ಆಡೋರ ಜೊತೆ, ಅಪ್ಪ ಮಗಳ ಜೊತೆ, ನಿಜವಾದ ಪಂದ್ಯ ಆಡಬಹುದು, ಸುಮ್ನೆ ಬಿಟ್ಕೊಟ್ಟು ಆಡೋ ಆಟ ಅಲ್ಲ. ನಿಮ್ಮ ಮನೆಯವರನ್ನೂ ಒಂದಿನ ಬಾಲನ್ನ ಹೋಲಿಗೆ ಉರುಳಿಸಿ ಹಾಕೋ ಪಟ್ಟಿಂಗ್ ಗ್ರೀನಿಗೆ ಕರ್ಕೊಂಡು ಹೋಗಿ, ಮಾತಲ್ಲಿ ಹೇಳೋಕಿಂತ ಅದು ಬೇಗ ಅರ್ಥ ಆಗುತ್ತೆ.

ದುಡ್ಡಿನವರ ಆಟ ಅನ್ನೋ ಮಾತು ಬಂದೇ ಬರುತ್ತೆ, ಕೋರ್ಸ್ ಮಟ್ಟಿಗೆ ಅದು ಸುಳ್ಳೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ, ಬ್ರಿಟಿಷರ ಕಾಲ, ಆ ಗೋಡೆ ಇವತ್ತಿಗೂ ಪೂರ್ತಿ ಬಿದ್ದಿಲ್ಲ. ಆದ್ರೆ ಸ್ವಿಂಗ್ ಯಾರಪ್ಪನ ಆಸ್ತಿನೂ ಅಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಲ್ಲಿ ಕ್ಯಾಡಿಯಾಗಿ ಬೇರೆಯವರ ಬ್ಯಾಗ್ ಹೊತ್ತು ಆಟ ಕಲಿತವರು. ಬಿಡದಿ ಕಡೆಯ ಚಿಕ್ಕರಂಗಪ್ಪ ಕೂಡ ಹಾಗೇ, ಊರ ಪಕ್ಕದ ಕೋರ್ಸಲ್ಲಿ ಕೆಲಸ ಮಾಡ್ತಾ ಕಲಿತು ಪ್ರೊಫೆಷನಲ್ ಆದವರು. ಮೆಂಬರ್‌ಶಿಪ್ ಇಲ್ದೇ, ದಿನಾ ಬಕೆಟ್ ಬಕೆಟ್ ಬಾಲ್ ಹೊಡೆಯೋ ಅವಕಾಶ ಇಲ್ದೇ, ನೋಡಿ ನೋಡಿ, ಖಾಲಿ ಕ್ಲಬ್ ಬೀಸಿ ಬೀಸಿ ಕಲಿಯೋ ದಾರಿ ನಮ್ಮ ದೇಶದ ಕ್ಯಾಡಿಗಳದ್ದು, ಅದು ಚಿಕ್ಕ ದಾರಿ ಅಂತ ಯಾರೂ ಅಂದ್ಕೋಬಾರದು.

ಈಗ ನಿಮ್ಮ ಪ್ರಶ್ನೆ. ಬಾಲ್ ನಿಂತೇ ಇರುತ್ತೆ ಅಂದ್ಮೇಲೆ, ನಿಮ್ಮ ಹಾಲಲ್ಲಿ ಬೀಸೋ ಸ್ವಿಂಗೂ ಕೋರ್ಸಿನ ಹುಲ್ಲುಹಾದಿ ಫೇರ್‌ವೇನಲ್ಲಿ ಬೀಸೋ ಸ್ವಿಂಗೂ ಒಂದೇ. ಎದುರಾಳಿ ಬೇಡ, ಬೌಲರ್ ಬೇಡ, ಗ್ರೌಂಡ್ ಬೇಡ. ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳ್ತೀನಿ, ಸ್ವಿಂಗ್ ಬದಲಾಯಿಸೋಕೆ ರೇಂಜ್‌ಗಿಂತ ಮನೆಯೇ ಒಳ್ಳೆ ಜಾಗ. ರೇಂಜಲ್ಲಿ ಬಾಲ್ ಮುಂದಿಟ್ಟ ಕ್ಷಣ ತಲೆಗೆ ಒಂದೇ ಯೋಚನೆ, ಅದು ದೂರ ಹೋಗ್ಬೇಕು, ನೇರ ಹೋಗ್ಬೇಕು. ಮೈ ಹಳೇ ಅಭ್ಯಾಸಕ್ಕೆ ವಾಪಸ್ ಹೋಗುತ್ತೆ, ಯಾಕಂದ್ರೆ ಹೇಗಾದ್ರೂ ಬಾಲ್ ಮುಟ್ಟೋಕೆ ಅದಕ್ಕೆ ಗೊತ್ತಿರೋ ದಾರಿ ಅದೊಂದೇ. ನೂರು ಬಾಲ್ ಹೊಡೆದು ಬಂದ್ರಿ ಅಂದ್ರೆ ನೂರು ಸಲ ಸ್ಲೈಸ್, ಅಂದ್ರೆ ಆ ಬಲಕ್ಕೆ ಬಾಗೋ ಹೊಡೆತ, ಪ್ರಾಕ್ಟೀಸ್ ಮಾಡಿ ಬಂದ್ರಿ ಅಂತ. ಮನೆಯಲ್ಲಿ ಬಾಲ್ ಇಲ್ಲ, ಫಲಿತಾಂಶ ಇಲ್ಲ, ಮೈ ಹೊಸದನ್ನ ಕೇಳಿಸಿಕೊಳ್ಳುತ್ತೆ. ಆದ್ರೆ ಒಂದು ಷರತ್ತು, ನಿಧಾನವಾಗಿ ಮಾಡ್ಬೇಕು. ಸಂಗೀತ ಪಾಠದಲ್ಲಿ ಸರಳೆ ವರಸೆನ ಮೊದಲನೇ ಕಾಲದಲ್ಲಿ ಗಟ್ಟಿ ಮಾಡಿಸದೇ ಯಾವ ಮೇಷ್ಟ್ರೂ ಎರಡನೇ ಕಾಲಕ್ಕೆ ಬಿಡಲ್ಲ, ಸ್ವಿಂಗಿಗೂ ಅದೇ ಕ್ರಮ.

ಏನು ಸರಿ ಮಾಡ್ಬೇಕು ಅನ್ನೋದು ಮೊದಲು ಗೊತ್ತಾಗ್ಬೇಕಲ್ಲ. ಬಲಕ್ಕೆ ತಿರುಗುತ್ತೆ ಅಂದ್ರಿ, ಅದು ಅರ್ಧ ಮಾಹಿತಿ ಮಾತ್ರ ಸರ್. ಬಾಲ್ ಶುರುವಾಗಿದ್ದು ಯಾವ ಕಡೆಗೆ? ಅದನ್ನ ಯಾರೂ ನೋಡಲ್ಲ, ಎಲ್ರೂ ಬಿದ್ದ ಜಾಗ ನೋಡ್ತಾರೆ. ಕ್ಲಬ್ಬೂ ಬಾಲೂ ತಗಲಿಕೊಂಡಿರೋದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ, ಅಷ್ಟೊತ್ತಲ್ಲಿ ಕ್ಲಬ್‌ಫೇಸ್ (ಕ್ಲಬ್ಬಿನ ಮುಖ) ಯಾವ ಕಡೆ ನೋಡ್ತಿದೆಯೋ ಬಾಲ್ ಹೆಚ್ಚುಕಮ್ಮಿ ಆ ಕಡೆಗೇ ಹೊರಡುತ್ತೆ, ಐರನ್ನಲ್ಲಿ ಮುಕ್ಕಾಲು ಪಾಲು ಫೇಸಿನ ಪ್ರಭಾವ, ಡ್ರೈವರಲ್ಲಿ ಇನ್ನೂ ಜಾಸ್ತಿ. ಆಮೇಲೆ ತಿರುಗೋದು ಯಾಕೆ ಅಂದ್ರೆ ಕ್ಲಬ್ ಬೀಸಿಬಂದ ದಾರಿಗೂ ಫೇಸ್ ನೋಡ್ತಿದ್ದ ದಿಕ್ಕಿಗೂ ಇರೋ ವ್ಯತ್ಯಾಸದಿಂದ. ಫೇಸು ಆ ದಾರಿಗಿಂತ (ಪಾತ್‌ಗಿಂತ) ಬಲಕ್ಕೆ ತೆರ್ಕೊಂಡಿದ್ರೆ ಬಾಲ್ ಬಲಕ್ಕೆ ಬಾಗುತ್ತೆ. (ನೀವು ಬಲಗೈ ಆಟಗಾರರು ಅಂತ ಇಟ್ಕೊಂಡು ಬರೀತಿದೀನಿ, ಎಡಗೈಯವರು ಎಲ್ಲಾನೂ ಉಲ್ಟಾ ಓದ್ಕೊಳ್ಳಿ.) ಹಾಗಾಗಿ ಸ್ಲೈಸಲ್ಲೇ ಬೇರೆ ಬೇರೆ ಇದೆ. ಎಡಕ್ಕೆ ಶುರುವಾಗಿ ಬಲಕ್ಕೆ ಬಂದ್ರೆ ಫೇಸ್ ಅಷ್ಟೇನೂ ಕೆಟ್ಟಿಲ್ಲ, ಕ್ಲಬ್ ಹೊರಗಿಂದ ಒಳಕ್ಕೆ ಕೊಯ್ಕೊಂಡು ಬರ್ತಿದೆ. ಬಲಕ್ಕೇ ಶುರುವಾಗಿ ಇನ್ನೂ ಬಲಕ್ಕೆ ಹೋದ್ರೆ ಫೇಸ್ ಪೂರ್ತಿ ತೆರ್ಕೊಂಡಿದೆ, ಮೊದಲ ಚಿಕಿತ್ಸೆ ಗ್ರಿಪ್‌ಗೆ. ನೇರ ಹೊರಟು ಆಮೇಲೆ ಬಲಕ್ಕೆ ತಿರುಗಿದ್ರೆ ಎರಡೂ ಸ್ವಲ್ಪ ಸ್ವಲ್ಪ. ಮುಂದಿನ ಸಲ ರೇಂಜಲ್ಲಿ ಹತ್ತು ಬಾಲ್ ಹೊಡೆದು ಬರೀ ಹೊರಟ ದಿಕ್ಕು ಬರ್ಕೊಳ್ಳಿ, ಬೇರೇನೂ ಬೇಡ.

ಕ್ರಿಕೆಟ್ ಆಡಿದವರಲ್ಲಿ ನಾನು ಹೆಚ್ಚಾಗಿ ನೋಡೋದು ಎರಡನೇ ಥರ. ಡ್ರೈವ್ ಆಡುವಾಗ ಮೇಲಿನ ಕೈ ಯಜಮಾನ, ಎಡ ಮೊಣಕೈ ಎತ್ತರಕ್ಕೆ, ಬ್ಯಾಟಿನ ಮುಖ ಹೊಡೆದಾದ್ಮೇಲೂ ಎದುರಿಗೇ ನೋಡ್ತಿರ್ಬೇಕು ಅಂತ ಕೋಚ್ ಹೇಳಿ ಹೇಳಿ ಮೈಗೆ ಹತ್ತಿರುತ್ತೆ. ಗಾಲ್ಫಲ್ಲಿ ಮುಖ ತೆರೆದು ಮುಚ್ಕೋಬೇಕು, ಬಲ ಮುಂಗೈ ಎಡಗೈ ಮೇಲೆ ಹಾದು ಹೋಗ್ಬೇಕು, ಅದನ್ನ ಮೈ ಒಪ್ಪಲ್ಲ. ಇದಕ್ಕೆ ಒಳ್ಳೆ ಮದ್ದು ಅಂದ್ರೆ ಕೈ ಬಿಡಿಸಿ ಹಿಡಿಯೋದು. ಗ್ರಿಪ್ ಮೇಲೆ ಎರಡು ಕೈ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಹಿಡ್ಕೊಳ್ಳಿ, ಸೊಂಟದಿಂದ ಸೊಂಟದ ತನಕ ಮಾತ್ರ ಮೆಲ್ಲಗೆ ಬೀಸಿ. ಹಿಂದಕ್ಕೆ ಹೋದಾಗ ಕ್ಲಬ್ಬಿನ ಮೂತಿ ಆಕಾಶಕ್ಕೆ, ಮುಂದಕ್ಕೆ ಬಂದಾಗಲೂ ಆಕಾಶಕ್ಕೆ. ಕೈ ದೂರ ಇರೋದ್ರಿಂದ ಬಲ ಮುಂಗೈ ತಿರುಗದೇ ಬೇರೆ ದಾರಿಯೇ ಇಲ್ಲ. ವೆಜ್ ತರದ ಚಿಕ್ಕ ಕ್ಲಬ್ಬಲ್ಲಿ ಇದನ್ನ ರೂಮಲ್ಲೇ ಮಾಡಬಹುದು.

ಗ್ರಿಪ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಇದು ಬೇಜಾರಿನ ವಿಷಯ ಅಂತ ಎಲ್ರೂ ಹಾರಿಸಿಬಿಡ್ತಾರೆ, ಆದ್ರೆ ಮನೆಯಲ್ಲಿ ನೂರಕ್ಕೆ ನೂರು ಸರಿ ಮಾಡಬಹುದಾದ್ದು ಇದೊಂದೇ. ಎಡಗೈಯಲ್ಲಿ ಕ್ಲಬ್ ಅಂಗೈ ನಡುವೆ ಇರಬಾರದು, ಬೆರಳುಗಳ ಬುಡದಲ್ಲಿ ಓರೆಯಾಗಿ ಕೂರ್ಬೇಕು, ಕಿರುಬೆರಳ ಕಡೆಯ ಅಂಗೈ ದಿಂಡು ಗ್ರಿಪ್ಪಿನ ಮೇಲೆ ಬರಬೇಕು. ಕೆಳಗೆ ನೋಡಿದ್ರೆ ಎಡಗೈಯ ಎರಡು ಗೆಣ್ಣು ಕಾಣ್ಬೇಕು, ಸ್ಲೈಸ್ ಮಾಡೋರಿಗೆ ಎರಡೂವರೆ ಮೂರು ಕಂಡ್ರೂ ಪರ್ವಾಗಿಲ್ಲ, ಒಂದೇ ಕಂಡ್ರೆ ಖಂಡಿತ ಬಲಕ್ಕೆ ಹೋಗುತ್ತೆ. ಎರಡೂ ಕೈಯ ಹೆಬ್ಬೆರಳು ತೋರುಬೆರಳ ನಡುವಿನ ಸಂದಿ ನಿಮ್ಮ ಬಲ ಭುಜದ ಕಡೆ ತೋರಿಸ್ಬೇಕು. ಬಲಗೈ ಕಿರುಬೆರಳನ್ನ ಎಡಗೈ ಮೇಲಿಡ್ತೀರೋ, ಹೆಣೀತೀರೋ, ಹತ್ತೂ ಬೆರಳಲ್ಲಿ ಹಿಡೀತೀರೋ ಅದು ನಿಮ್ಮಿಷ್ಟ, ಅದಕ್ಕೆ ಜಗಳ ಬೇಡ. ಒಂದು ಹಳೇ ಕ್ಲಬ್ ಸೋಫಾ ಪಕ್ಕ ಇಟ್ಬಿಡಿ. ನ್ಯೂಸ್ ನೋಡ್ತಾ ಹಿಡಿಯೋದು, ಎದೆ ಎತ್ತರಕ್ಕೆ ಎತ್ತಿ ಫೇಸಿನ ಅಂಚು ನೆಟ್ಟಗಿದೆಯಾ ನೋಡೋದು, ಬಿಡೋದು, ಮತ್ತೆ ಹಿಡಿಯೋದು. ಹೊಸ ಗ್ರಿಪ್ ಒಂದೆರಡು ವಾರ ಪೂರ್ತಿ ತಪ್ಪು ಅನ್ಸುತ್ತೆ. ತಪ್ಪು ಅನ್ಸದೇ ಇದ್ರೆ ನೀವು ಬದಲಾಯಿಸೇ ಇಲ್ಲ ಅಂತ ಅರ್ಥ.

ಹೊರಗಿಂದ ಒಳಕ್ಕೆ ಬರೋ ಪಾತ್ ವಿಷಯಕ್ಕೆ ಬಂದ್ರೆ, ಅದು ಶುರುವಾಗೋದು ಮೇಲಿಂದ ಕೆಳಗೆ ಬರೋ ಆ ಮೊದಲ ಕ್ಷಣದಲ್ಲಿ. ಹೊಡೀಬೇಕು ಅನ್ನೋ ಆತುರಕ್ಕೆ ಬಲ ಭುಜ ಮುಂದಕ್ಕೆ ನುಗ್ಗಿಬಿಡುತ್ತೆ, ಕೈ ಅದರ ಹಿಂದೆ ಹೋಗುತ್ತೆ. ಸರಿಯಾದ ಕ್ರಮ ಕೆಳಗಿಂದ ಮೇಲಕ್ಕೆ, ಮೊದಲು ಎಡಗಾಲಿಗೆ ಭಾರ, ಆಮೇಲೆ ಸೊಂಟ, ಆಮೇಲೆ ಎದೆ, ಕೊನೆಗೆ ಕೈ. ಇದನ್ನ ಕಲಿಸೋಕೆ ನಂಗೆ ತುಂಬಾ ಇಷ್ಟವಾದ್ದು ಗೋಡೆ. ಗೋಡೆಗೆ ಬೆನ್ನು ಹಾಕಿ ನಿಂತ್ಕೊಳ್ಳಿ, ಹಿಮ್ಮಡಿ ಗೋಡೆಯಿಂದ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ದೂರ, ಬಾಲ್ ಹೊಡೆಯೋ ಹಾಗೆ ಬಗ್ಗಿ, ಹಿಂಭಾಗ ಗೋಡೆಗೆ ಮೆತ್ತಗೆ ತಗಲ್ಲಿ, ಎರಡೂ ಕೈ ಎದೆ ಮೇಲೆ ಕಟ್ಕೊಳ್ಳಿ. ಹಿಂದಕ್ಕೆ ತಿರುಗುವಾಗ ಬಲಗಡೆ ಪೃಷ್ಠ ಗೋಡೆಗೆ ಒತ್ತಬೇಕು, ಮುಂದಕ್ಕೆ ತಿರುಗುವಾಗ ಎಡಗಡೆಯದು ಗೋಡೆಗೆ ಬರಬೇಕು. ನಡುವೆ ಗೋಡೆ ಬಿಟ್ಟು ಮುಂದೆ ಬಂದ್ರೆ ನೀವು ಸೊಂಟನ ಬಾಲ್ ಕಡೆ ತಳ್ತಿದ್ದೀರ, ಆಗ ಕೈಗೆ ಜಾಗ ಇಲ್ದೇ ಏನೇನೋ ಸರ್ಕಸ್ ಮಾಡ್ಬೇಕಾಗುತ್ತೆ. ಕ್ಲಬ್ ಬೇಡ, ಜಾಗ ಬೇಡ, ಫೋನಲ್ಲಿ ಮಾತಾಡ್ತಾ ಕೂಡ ಮಾಡಬಹುದು. ನಲವತ್ತು ಐವತ್ತರ ವಯಸ್ಸಿನವರಿಗೆ ಇದಕ್ಕಿಂತ ಉಪಯೋಗದ ಅಭ್ಯಾಸ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅದು ಮೈಗೆ ಹತ್ತಿದ್ಮೇಲೆ ಟೆರೇಸ್‌ಗೆ ಹೋಗಿ. ಕ್ಲಬ್ ಮೇಲೆತ್ತಿ, ಅಲ್ಲಿ ನಿಲ್ಲಿಸಿ, ಬೆನ್ನು ಟಾರ್ಗೆಟ್ ಕಡೆಗೇ ಇಟ್ಕೊಂಡು ಸೊಂಟದ ಎತ್ತರದ ತನಕ ಮಾತ್ರ ಇಳಿಸಿ, ಮತ್ತೆ ಮೇಲಕ್ಕೆ, ಮತ್ತೆ ಇಳಿಸಿ, ಮೂರನೇ ಸಲ ಪೂರ್ತಿ ಬೀಸಿ. ಬಾಲ್ ಇರಬೇಕಾದ ಜಾಗಕ್ಕೆ ಸ್ವಲ್ಪ ಹಿಂದೆ, ನಿಮ್ಮಿಂದ ಆಚೆ ಕಡೆ, ಒಂದು ಖಾಲಿ ರಟ್ಟಿನ ಡಬ್ಬ ಇಡಿ. ಹೊರಗಿಂದ ಕೊಯ್ಕೊಂಡು ಬಂದ್ರೆ ಡಬ್ಬಕ್ಕೆ ಏಟು ಬೀಳುತ್ತೆ, ಒಳಗಿಂದ ಬಂದ್ರೆ ಡಬ್ಬ ಅಲ್ಲೇ ಇರುತ್ತೆ, ಯಾವ ಕೋಚೂ ಪಕ್ಕದಲ್ಲಿ ನಿಂತು ಹೇಳ್ಬೇಕಿಲ್ಲ.

ಇನ್ನೊಂದು ಶಬ್ದದ ಅಭ್ಯಾಸ. ಕ್ಲಬ್ಬನ್ನ ತಲೆಕೆಳಗು ಮಾಡಿ, ತಲೆ ಹತ್ತಿರದ ಕಡ್ಡಿ ಹಿಡ್ಕೊಂಡು ಜೋರಾಗಿ ಬೀಸಿ, ಸುಯ್ ಅಂತ ಶಬ್ದ ಬರುತ್ತೆ. ಆ ಶಬ್ದ ಎಲ್ಲಿ ಬಂತು ಅನ್ನೋದೇ ಮುಖ್ಯ. ಸ್ಲೈಸ್ ಮಾಡೋರಿಗೆ ಅದು ಬಲ ಕಿವಿ ಹತ್ರಾನೇ ಬಂದುಬಿಡುತ್ತೆ, ವೇಗ ಎಲ್ಲಾ ಮೇಲೇ ಖರ್ಚು. ಬಾಲ್ ಇರೋ ಜಾಗದಲ್ಲಿ ಅಥವಾ ಅದನ್ನ ದಾಟಿದ್ಮೇಲೆ ಬರಬೇಕು. ಒಳ್ಳೆ ಆಟಗಾರರ ಸ್ವಿಂಗ್ ಅಳೆದು ನೋಡಿದ್ರೆ ಮೇಲಕ್ಕೆ ಹೋಗೋ ಸಮಯ ಕೆಳಕ್ಕೆ ಬರೋ ಸಮಯದ ಸುಮಾರು ಮೂರು ಪಟ್ಟು ಇರುತ್ತೆ, ನಿಧಾನದವರಲ್ಲೂ ಅದೇ, ಬಿರುಸಿನವರಲ್ಲೂ ಅದೇ. ಹಾಗಾಗಿ ಒಂದ್, ಎರಡ್, ಮೂರ್ ಅಂತ ಮೇಲಕ್ಕೆ, ನಾಲ್ಕಕ್ಕೆ ಹೊಡೆತ. ಬಾಯಲ್ಲಿ ಎಣಿಸಿ, ನಾಚಿಕೆ ಬೇಡ.

ಇನ್ನು ಬಾಲಿಗಿಂತ ಮುಂಚೆ ನೆಲಕ್ಕೆ ತಗಲೋದು. ಇದಕ್ಕೆ ಕಾರಣ ಭಾರ ಬಲಗಾಲಲ್ಲೇ ಉಳಿಯೋದು, ಬಾಲನ್ನ ಗಾಳಿಗೆ ಎತ್ತಬೇಕು ಅಂತ ಮೈ ಹಿಂದಕ್ಕೆ ವಾಲೋದು. ಎತ್ತೋ ಕೆಲಸ ಕ್ಲಬ್ಬಿನ ಓರೆ ಮುಖ ಮಾಡುತ್ತೆ ಸರ್, ನೀವು ಮಾಡ್ಬೇಕಾದ್ದೇನೂ ಇಲ್ಲ. ಐರನ್ನಲ್ಲಿ ಕ್ಲಬ್ ತೀರ ಕೆಳಗೆ ಮುಟ್ಟೋ ಜಾಗ ಬಾಲ್ ದಾಟಿ ಎರಡು ಮೂರು ಇಂಚು ಮುಂದೆ ಇರ್ಬೇಕು, ಪ್ರೊಗಳದ್ದು ಇನ್ನೂ ಸ್ವಲ್ಪ ಮುಂದೆ. ಬಾಗಿಲ ಮುಂದೆ ಹಾಕ್ತೀವಲ್ಲ ತೆಂಗಿನ ನಾರಿನ ಮ್ಯಾಟ್, ಅದನ್ನ ಟೆರೇಸಲ್ಲಿ ಹಾಸಿ, ಅಡ್ಡಕ್ಕೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೀರಿ, ಆ ಗೆರೆನೇ ಬಾಲ್ ಅಂದ್ಕೊಂಡು ವೆಜ್ಜಲ್ಲಿ ಅರ್ಧ ಸ್ವಿಂಗ್ ಬೀಸಿ. ಪುಡಿ ಎಲ್ಲಿಂದ ಅಳಿಸಿದೆ ನೋಡಿ. ಗೆರೆ ಮೇಲಿಂದ ಶುರುವಾಗಿ ಎಡಕ್ಕೆ ಅಳಿಸಿದ್ರೆ ಸರಿ, ಗೆರೆ ಬಲಗಡೆ ಮ್ಯಾಟ್ ಉಜ್ಜಿದ್ರೆ ಇನ್ನೂ ಹಿಂದೇನೇ ಇದ್ದೀರ. ಇದಾದ್ಮೇಲೆ ಬಲಗಾಲ ಹಿಮ್ಮಡಿ ಎತ್ತಿ, ಬರೀ ತುದಿಬೆರಳು ನೆಲಕ್ಕೆ ತಾಗಿಸಿ ಅದೇ ಅರ್ಧ ಸ್ವಿಂಗ್ ಮಾಡಿ, ಭಾರ ಎಡಗಾಲ ಮೇಲಿದ್ರೆ ಹೇಗಿರುತ್ತೆ ಅಂತ ಮೈಗೆ ಗೊತ್ತಾಗುತ್ತೆ. ಡ್ರೈವರ್‌ಗೆ ಈ ಲೆಕ್ಕ ಬೇರೆ, ಅಲ್ಲಿ ಬಾಲ್ ಟೀ ಅನ್ನೋ ಸಣ್ಣ ಗೂಟದ ಮೇಲಿರುತ್ತೆ, ಸ್ವಲ್ಪ ಮೇಲಕ್ಕೆ ಏರ್ತಾ ತಗಲಿದ್ರೆ ಒಳ್ಳೇದು, ಎರಡನ್ನೂ ಕಲಸ್ಕೋಬೇಡಿ.

ಜಾಗ್ರತೆ ವಿಷಯ ನೇರವಾಗಿ ಹೇಳ್ಬಿಡ್ತೀನಿ. ರೂಮಲ್ಲಿ ಪೂರ್ತಿ ಸ್ವಿಂಗ್ ಬೇಡ, ಸೀಲಿಂಗ್ ಫ್ಯಾನ್ ನೀವು ಅಂದ್ಕೊಂಡಿರೋದಕ್ಕಿಂತ ಕೆಳಗಿರುತ್ತೆ. ಒಳಗಡೆ ಆದ್ರೆ ಮಡಚೋ ಛತ್ರಿ ಹಿಡ್ಕೊಳ್ಳಿ, ಇಲ್ಲ ಬರೀ ಕೈ. ಸುತ್ತ ಯಾರಿದ್ದಾರೆ ಅಂತ ಪ್ರತಿ ಸಲ ನೋಡಿ, ಮಕ್ಕಳು ಹಿಂದಿಂದ ಬಂದುಬಿಡ್ತಾರೆ. ಟೆರೇಸಲ್ಲಿ ನಿಜವಾದ ಬಾಲ್ ಹೊಡೆಯೋದಾದ್ರೆ ಗಾಲ್ಫಿಗೇ ಅಂತ ಮಾಡಿದ ನೆಟ್ ಮಾತ್ರ, ಅದೂ ಸಡಿಲವಾಗಿ ಇಳಿಬಿಟ್ಟಿರ್ಬೇಕು, ಬಿಗಿಯಾಗಿ ಕಟ್ಟಿದ್ರೆ ಬಾಲ್ ಮುಖಕ್ಕೇ ವಾಪಸ್ ಬರುತ್ತೆ. ಸಾಮಾನ್ಯ ಆಟಗಾರನ ಡ್ರೈವರ್ ಹೊಡೆತಕ್ಕೂ ಬಾಲ್ ಗಂಟೆಗೆ 200 ಕಿಲೋಮೀಟರ್ ಆಸುಪಾಸಲ್ಲಿ ಹೋಗುತ್ತೆ, ಪಾರಿವಾಳದ ಬಲೆ, ಶೇಡ್ ನೆಟ್ ಇವಕ್ಕೆಲ್ಲ ಅದನ್ನ ತಡೆಯೋ ಶಕ್ತಿ ಇಲ್ಲ. ಅನುಮಾನ ಇದ್ರೆ ಸ್ಪಂಜ್ ಬಾಲ್ ಸಾಕು.

ಫೋನ್ ಉಪಯೋಗಿಸಿ. ಸ್ಲೋ ಮೋಷನಲ್ಲಿ ಎರಡೇ ಕೋನ ಬೇಕಾಗಿರೋದು, ಒಂದು ಎದುರಿಗೆ ಎದೆ ಕಡೆ ನೋಡ್ಕೊಂಡು, ಇನ್ನೊಂದು ಟಾರ್ಗೆಟ್ಟಿನ ವಿರುದ್ಧ ಕಡೆಯಿಂದ, ಕೈ ಎತ್ತರದಲ್ಲಿ, ಕೈ ನೇರಕ್ಕೆ. ಆದ್ರೆ ವಿಡಿಯೋ ನೋಡಿ ರೋರಿ ಮೆಕಿಲ್ರಾಯ್ ಜೊತೆ ಹೋಲಿಸ್ಕೋಬೇಡಿ. ಪ್ರೊಗಳು ಭುಜ 90 ಡಿಗ್ರಿ, ಸೊಂಟ 45 ಡಿಗ್ರಿ ತಿರುಗಿಸ್ತಾರೆ, ಡೆಸ್ಕ್ ಕೆಲಸ ಮಾಡೋ 48ರ ಬೆನ್ನಿಗೆ ಅದು ಬರದಿದ್ರೆ ಎಡ ಹಿಮ್ಮಡಿ ಸ್ವಲ್ಪ ಎತ್ತಿ, ಸೊಂಟ ಇನ್ನಷ್ಟು ತಿರುಗುತ್ತೆ. ಜ್ಯಾಕ್ ನಿಕ್ಲಸ್ ಹಿಮ್ಮಡಿ ಎತ್ತಿಯೇ ಆಡಿದ್ದು. ಇನ್ನೊಬ್ಬರ ಬಗ್ಗೆ ಹೇಳ್ಬೇಕು, ಕ್ಯಾಲ್ವಿನ್ ಪೀಟ್. ಬಾಲ್ಯದಲ್ಲಿ ಮರದಿಂದ ಬಿದ್ದು ಎಡ ಮೊಣಕೈ ಮುರಿದು ಆಮೇಲೆ ಅದು ನೆಟ್ಟಗೆ ಆಗ್ಲೇ ಇಲ್ಲ, ಗಾಲ್ಫ್ ಶುರು ಮಾಡಿದ್ದೇ ಇಪ್ಪತ್ತು ದಾಟಿದ್ಮೇಲೆ. ಎಡಗೈ ನೆಟ್ಟಗಿರ್ಬೇಕು ಅಂತ ಎಲ್ಲಾ ಕೋಚ್‌ಗಳೂ ಹೇಳ್ತಾರೆ ಅಲ್ವಾ, ಆ ಮನುಷ್ಯ 1981ರಿಂದ 1990ರ ತನಕ ಹತ್ತು ವರ್ಷ ಸತತವಾಗಿ ಅಮೆರಿಕದ ಟೂರಲ್ಲಿ ಫೇರ್‌ವೇಗೆ ಅತಿ ಹೆಚ್ಚು ನೇರ ಹೊಡೆಯೋರಲ್ಲಿ ಮೊದಲಿಗರಾಗಿದ್ರು. ಹನ್ನೆರಡು ಟೂರ್ನಮೆಂಟ್ ಗೆದ್ರು. ಜಿಮ್ ಫ್ಯೂರಿಕ್ ಸ್ವಿಂಗ್ ನೋಡಿ, ಯಾವ ಪುಸ್ತಕದಲ್ಲೂ ಇಲ್ಲ ಅದು, 2016ರಲ್ಲಿ ಅದೇ ಸ್ವಿಂಗಲ್ಲಿ ಒಂದು ಸುತ್ತನ್ನ ಬರೀ 58 ಹೊಡೆತಕ್ಕೆ ಮುಗಿಸಿದ್ರು, ಪಿಜಿಎ ಟೂರ್ ಚರಿತ್ರೆಯಲ್ಲೇ ಅಷ್ಟು ಕಮ್ಮಿ ಸ್ಕೋರ್ ಅಲ್ಲಿತನಕ ಯಾರೂ ಮಾಡಿರ್ಲಿಲ್ಲ. ಸ್ವಿಂಗ್ ಚೆಂದ ಇರ್ಬೇಕು ಅಂತಿಲ್ಲ, ಬಾಲ್ ಹತ್ರ ಬಂದಾಗ ಪ್ರತಿ ಸಲ ಒಂದೇ ಥರ ಬರಬೇಕು.

ಮೈ ಬಗ್ಗೆ ಎರಡು ಮಾತು ಸಾಕು. ಸ್ವಿಂಗಿಗೆ ಬೇಕಾಗೋದು ಮೇಲ್ಬೆನ್ನು, ಸೊಂಟದ ಕೀಲು ಇವೆರಡರ ತಿರುಗುವಿಕೆ. ಕುರ್ಚಿಯಲ್ಲಿ ಕೂತು ಕೋಲೊಂದನ್ನ ಭುಜದ ಮೇಲೆ ಅಡ್ಡ ಇಟ್ಕೊಂಡು ಎರಡೂ ಕಡೆ ನಿಧಾನವಾಗಿ ತಿರುಗಿ, ದಿನಾ ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂರೋ ಅಭ್ಯಾಸ ಬಿಟ್ಟಿದ್ರೆ ಮತ್ತೆ ಶುರು ಮಾಡಿ, ಮಂಡಿ ಒಪ್ಪಿದ್ರೆ. ಮೊಣಕೈ ಒಳಭಾಗದಲ್ಲಿ ಅಥವಾ ಕೆಳಬೆನ್ನಲ್ಲಿ ನೋವು ಬಂದ್ರೆ ಸಹಿಸ್ಕೊಂಡು ಬೀಸೋದು ಬೇಡ, ನಿಲ್ಲಿಸಿ, ಫಿಸಿಯೋ ಹತ್ರ ತೋರಿಸಿ.

ನೀವು ಕೇಳದೇ ಇದ್ರೂ ಪಟ್ಟಿಂಗ್ ಬಗ್ಗೆ ಹೇಳ್ದೇ ಇರೋಕಾಗಲ್ಲ. ಸ್ಕೋರ್ ಕಮ್ಮಿ ಆಗ್ಬೇಕು ಅನ್ನೋರಿಗೆ ಮನೆಯಲ್ಲಿ ಅತಿ ಬೇಗ ಫಲ ಕೊಡೋದು ಇದು. ಟೋಕಿಯೋ ಒಲಿಂಪಿಕ್ಸಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ನೆನಪಿದೆಯಲ್ಲ, 2021ರ ಆಗಸ್ಟಲ್ಲಿ, ಅಮ್ಮನೇ ಕ್ಯಾಡಿ, ಕಂಚು ತಪ್ಪಿದ್ದು ಒಂದೇ ಒಂದು ಸ್ಟ್ರೋಕಿಂದ. ಡ್ರೈವರಲ್ಲಿ ಆಕೆ ದೂರ ಹೊಡೆಯೋರಲ್ಲ, ಎದುರಿಗಿದ್ದವರು ಎಷ್ಟೋ ಮುಂದೆ ಬಾಲ್ ಬೀಳಿಸ್ತಿದ್ರು, ಆಕೆ ಗ್ರೀನ್ ಮೇಲೆ ಪಟ್ಟರಲ್ಲಿ ಅದೆಲ್ಲಾನೂ ಸರಿದೂಗಿಸಿದ್ರು. ಆ ನಾಲ್ಕು ದಿನ ಬೆಳಗ್ಗೆ ಬೆಳಗ್ಗೆ ಎದ್ದು ಗಾಲ್ಫ್ ಅಂದ್ರೇನು ಅಂತ ಗೊತ್ತಿಲ್ಲದ ಮನೆಗಳಲ್ಲೂ ಟಿವಿ ಹಾಕಿ ಕೂತಿದ್ರು, ನನ್ನ ಪಾಲಿಗೆ ಈ ರಾಜ್ಯದ ಗಾಲ್ಫಿಗೆ ಅದಕ್ಕಿಂತ ದೊಡ್ಡ ದಿನಗಳು ಬಂದಿಲ್ಲ. ಎರಡು ವರ್ಷ ಕಳೆದು ಹ್ಯಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಬೆಳ್ಳಿನೂ ತಂದ್ರು.

ಮನೆಯಲ್ಲಿ ಮಾಡೋಕೆ ಒಂದು ಮೀಟರಿನ ಸ್ಟೀಲ್ ಸ್ಕೇಲ್ ತಗೊಳ್ಳಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಅದರ ಒಂದು ತುದಿಯಲ್ಲಿ ಬಾಲ್ ಇಟ್ಟು ಇನ್ನೊಂದು ತುದಿ ತನಕ ಬೀಳದ ಹಾಗೆ ಉರುಳಿಸಿ. ಪಟ್ಟರ್ ಮುಖ ಒಂಚೂರು ಓರೆ ಆದ್ರೂ ಬಾಲ್ ಪಕ್ಕಕ್ಕೆ ಬೀಳುತ್ತೆ. ಟೈಲ್ಸ್ ನೆಲ ತುಂಬಾ ಜೋರು, ಜಮಖಾನ ಅಥವಾ ಯೋಗ ಮ್ಯಾಟ್ ಹಾಸ್ಕೊಳ್ಳಿ. ಹೋಲ್ ಬದಲು ಸ್ಟೀಲ್ ಲೋಟ ಮಲಗಿಸಿ, ನಿಜವಾದ ಹೋಲ್ 4.25 ಇಂಚು ಅಗಲ ಇರುತ್ತೆ, ಲೋಟದ ಬಾಯಿ ಅದಕ್ಕಿಂತ ಚಿಕ್ಕದು, ಲೋಟಕ್ಕೆ ಹಾಕಿ ಅಭ್ಯಾಸ ಆದವರಿಗೆ ಕೋರ್ಸಲ್ಲಿ ಹೋಲ್ ದೊಡ್ಡದಾಗಿ ಕಾಣುತ್ತೆ. ಮೂರು ಅಡಿಯಿಂದ ಶುರು ಮಾಡಿ. ಇಲ್ಲಿ ಒಂದು ಲೆಕ್ಕ ತಿಳ್ಕೊಂಡಿರಿ, ಅಮೆರಿಕದ ಟೂರ್ ಪ್ರೊಗಳು ಮೂರು ಅಡಿಯಿಂದ ನೂರಕ್ಕೆ 96 ಹಾಕ್ತಾರೆ, ಎಂಟು ಅಡಿಗೆ ಬರೋಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತೆ, ಹತ್ತು ಅಡಿಗೆ ಸುಮಾರು 40. ಟಿವಿಯಲ್ಲಿ ಹಾಕಿದ್ದನ್ನೇ ತೋರಿಸೋದ್ರಿಂದ ನಮಗೆ ಗೊತ್ತಾಗಲ್ಲ. ಹತ್ತು ಅಡಿ ತಪ್ಪಿದಾಗ ಬೇಜಾರಾಗಿ ಮುಂದಿನ ಹೋಲಿನ ಮೊದಲ ಹೊಡೆತದಲ್ಲಿ ಸಿಟ್ಟು ತೋರಿಸೋ ಕಾರಣವೇ ಇಲ್ಲ.

ಎಷ್ಟು ಹೊತ್ತು ಅಂತ ಕೇಳಿದ್ರೆ ದಿನಕ್ಕೆ 15 ನಿಮಿಷ. ಭಾನುವಾರ ಎರಡು ಗಂಟೆ ಬೆವರು ಸುರಿಸೋಕಿಂತ ದಿನಾ 15 ನಿಮಿಷ ಮೈಗೆ ಬೇಗ ಹತ್ತುತ್ತೆ. ಒಂದು ಸಲಕ್ಕೆ ಒಂದೇ ವಿಷಯ ಹಿಡೀರಿ, ನಾನು ಇಲ್ಲಿ ಬರೆದಿದ್ದೆಲ್ಲಾ ಒಟ್ಟಿಗೆ ಮಾಡೋಕೆ ಹೋಗ್ಬೇಡಿ, ಗ್ರಿಪ್ ಮೂರು ವಾರ, ಆಮೇಲೆ ಗೋಡೆ, ಆಮೇಲೆ ಮ್ಯಾಟ್, ಪಟ್ಟಿಂಗ್ ಮಾತ್ರ ದಿನಾ ಐದು ನಿಮಿಷ ಇರ್ಲಿ. ರೇಂಜ್‌ಗೆ ಹೋದಾಗ ಒಂದು ಬಾಲ್ ಹೊಡೆಯೋ ಮುಂಚೆ ಎರಡು ಖಾಲಿ ಸ್ವಿಂಗ್, ಮನೆಯಲ್ಲಿ ಮಾಡಿದ ಹಾಗೇ, ಬಾಲ್ ಎಲ್ಲಿಗೆ ಹೋಯ್ತು ಅನ್ನೋದನ್ನ ಮೊದಲ ತಿಂಗಳು ಲೆಕ್ಕಕ್ಕೆ ತಗೋಬೇಡಿ, ಸ್ವಲ್ಪ ದಿನ ಹಳೇದಕ್ಕಿಂತ ಕೆಟ್ಟದಾಗಿ ಹೊಡೀತೀರ, ಆಗಲೇ ಜನ ಬಿಟ್ಟುಬಿಡೋದು. ಕೋರ್ಸಿಗೆ ಹೋದ ದಿನ ಇದ್ಯಾವುದನ್ನೂ ಯೋಚಿಸದೇ ಎಲ್ಲಿಗೆ ಹೊಡೀಬೇಕು ಅನ್ನೋದನ್ನಷ್ಟೇ ನೋಡಿ ಆಡಿ.

ಆರು ವಾರ ಆದ್ಮೇಲೂ ಬಾಲ್ ಅದೇ ಥರ ಬಲಕ್ಕೆ ಹೋದ್ರೆ ಒಬ್ಬ ಕೋಚ್ ಹತ್ರ ಒಂದೆರಡು ಪಾಠ ತಗೊಳ್ಳಿ, ಫೋನಲ್ಲಿ ಕಾಣದ್ದು ಪಕ್ಕದಲ್ಲಿ ನಿಂತವರಿಗೆ ಕಾಣುತ್ತೆ. ಅಷ್ಟರೊಳಗೆ ನಂಗೇ ಮತ್ತೆ ಬರೀಬೇಕು ಅನ್ಸಿದ್ರೆ ಖಂಡಿತ ಬರೀರಿ, ಆ ಎರಡು ಕೋನದ ವಿಡಿಯೋ ಕಳಿಸಿ, ಸೆವೆನ್ ಐರನ್ನದು ಒಂದು, ಡ್ರೈವರ್‌ದು ಒಂದು, ಜೊತೆಗೆ ಆ ಹತ್ತು ಬಾಲ್ ಯಾವ್ಯಾವ ಕಡೆಗೆ ಹೊರಟವು ಅನ್ನೋ ಚೀಟಿನೂ ಸೇರಿಸಿ, ಅದಿಲ್ದೇ ವಿಡಿಯೋ ನೋಡಿ ನಾನು ಏನು ಹೇಳಿದ್ರೂ ಅದು ಊಹೆ ಆಗುತ್ತೆ.